ಎರಡು ಲ್ಯಾಟಿನ್ ಪಾಠಗಳು ಮತ್ತು ನಮ್ಮ ಧರ್ಮಸಭೆ

ವ್ಯಾಟಿಕನ್ನಿನ ಆಡಳಿತ ಕಚೇರಿಗಳ ಹೊಸ ನಿಯಮಾವಳಿಯು 2025ರ ನವೆಂಬರಿನಲ್ಲಿ ಪ್ರಕಟವಾಗಿ, 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಅಧಿಕೃತ ಪತ್ರಗಳನ್ನು ಸಾಮಾನ್ಯವಾಗಿ ಲ್ಯಾಟಿನ್ ಭಾಷೆಯಲ್ಲಿ ಬರೆಯಬೇಕು, ಹೆಚ್ಚು ಬಳಕೆಯಲ್ಲಿರುವ ಇತರ ಭಾಷೆಗಳನ್ನೂ ಉಪಯೋಗಿಸಬಹುದು ಎಂಬುದು 1999ರ ನಿಯಮವಾಗಿತ್ತು. ಈಗಿನ ನಿಯಮವಾದರೋ 'ಲ್ಯಾಟಿನ್ ಅಥವಾ ಬೇರೊಂದು ಭಾಷೆಯಲ್ಲಿ' ಎನ್ನುತ್ತದೆ. ಅಗ್ರಸ್ಥಾನದಲ್ಲಿದ್ದ ಭಾಷೆಯು ಹಲವು ಭಾಷೆಗಳಲ್ಲಿ ಒಂದಾಗಿದೆ.

ನಾವು ಮಾತೃಭಾಷೆಯ ಬಲಿಪೂಜೆಯಲ್ಲಿ ಬೆಳೆದವರು. ಆ ಭಾಗ್ಯವನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಲ್ಯಾಟಿನ್ ಅರಿವು ಪೂರ್ತಿಯಾಗಿ ನಶಿಸಿದರೆ ನಾವು ಕಳೆದುಕೊಳ್ಳುವುದೇನು? ಇದಕ್ಕೆ ಉತ್ತರವನ್ನು ದೊಡ್ಡ ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ಪ್ರಾರಂಭಿಕ ವ್ಯಾಕರಣದ ಎರಡು ಪಾಠಗಳೇ ಸಾಕು.

ಮೊದಲನೆಯದು ವಿಶೇಷಣಗಳ ತರತಮ ಭಾವ. 'ಪೂರುಸ್' ಎಂದರೆ ಶುದ್ಧ, 'ಪೂರಿಯೋರ್' ಎಂದರೆ ಹೆಚ್ಚು ಶುದ್ಧ, 'ಪೂರಿಸ್ಸಿಮುಸ್' ಎಂದರೆ ಅತ್ಯಂತ ಶುದ್ಧ. ಕನ್ನಡಕ್ಕೆ ಇಂತಹ ಸ್ವಂತ ಪ್ರತ್ಯಯವಿಲ್ಲ. ನಾವು 'ಅತಿ', 'ಪರಮ', 'ಎಲ್ಲರಿಗಿಂತ' ಎಂಬ ಮಾತುಗಳನ್ನು ಸೇರಿಸುತ್ತೇವೆ, ಇಲ್ಲವೇ ಸಂಸ್ಕೃತದ 'ತಮ'ವನ್ನು ಎರವಲು ಪಡೆಯುತ್ತೇವೆ. ಮಾತೆ ಮರಿಯಮ್ಮನವರ ಲೊರೆಟೊ ಪ್ರಾರ್ಥನಾಮಾಲೆಯಲ್ಲಿ ಬರುವ 'ಪೂರಿಸ್ಸಿಮಾ', 'ಕಾಸ್ತಿಸ್ಸಿಮಾ', 'ಪ್ರುದೆಂತಿಸ್ಸಿಮಾ' ಎಂಬ ಬಿರುದುಗಳೆಲ್ಲವೂ ಇದೇ ಪಾಠದ ಫಲ. ಗಮನಿಸಬೇಕಾದ ಸಂಗತಿಯೆಂದರೆ, ಈ ರೂಪವು ಯಾವಾಗಲೂ 'ಎಲ್ಲರನ್ನೂ ಮೀರಿಸಿದ' ಎಂಬ ಅರ್ಥ ಕೊಡುವುದಿಲ್ಲ. 'ಬಹಳ' ಎಂಬಷ್ಟೇ ಅರ್ಥವೂ ಅದಕ್ಕುಂಟು.

2025ರ ಮೇ 8ರಂದು ಸಂತ ಪೇತ್ರರ ಮಹಾದೇವಾಲಯದ ಮೊಗಸಾಲೆಯಿಂದ ಹೊಸ ಜಗದ್ಗುರುವಿನ ಹೆಸರನ್ನು ಸಾರಿದಾಗ, ಆ ಹೆಸರಿನ ಮುಂದೆ 'ಎಮಿನೆಂತಿಸ್ಸಿಮುಮ್', 'ರೆವೆರೆಂದಿಸ್ಸಿಮುಮ್' ಎಂಬ ಎರಡು ಪದಗಳಿದ್ದವು. ಜಗತ್ತೇ ಅವನ್ನು ಆಲಿಸಿತು. ಅವು ಆಯ್ಕೆಯಾದ ಕಾರ್ಡಿನಲರಿಗೆ ಸಲ್ಲುವ ಗೌರವಸೂಚಕಗಳೇ ಹೊರತು, ಇತರ ಕಾರ್ಡಿನಲರಿಗಿಂತ ಅವರು ಪೂಜ್ಯರೆಂಬ ತೀರ್ಪಲ್ಲ.

ಎರಡನೆಯ ಪಾಠ ಭವಿಷ್ಯತ್ ಕಾಲದ ಕ್ರಿಯಾಪದ. 'ಲೌದೋ' ಎಂದರೆ ಸ್ತುತಿಸುತ್ತೇನೆ, 'ಲೌದಾಬೋ' ಎಂದರೆ ಸ್ತುತಿಸುವೆನು. ಇನ್ನು ಕೆಲವು ಧಾತುಗಳಲ್ಲಿ ಒಂದೇ ಸ್ವರ ಕಾಲವನ್ನು ಬದಲಿಸುತ್ತದೆ: 'ದೀಚಿತ್' ಎಂದರೆ ಹೇಳುತ್ತಾನೆ, 'ದೀಚೆತ್' ಎಂದರೆ ಹೇಳುವನು. ನಮ್ಮ ಆಡುಮಾತಿನಲ್ಲಿ 'ಬರುತ್ತಾನೆ' ಎಂಬುದು ಇಂದಿಗೂ ನಾಳೆಗೂ ಸಲ್ಲುತ್ತದೆ. ಲ್ಯಾಟಿನ್ ವ್ಯಾಕರಣದಲ್ಲಿ ಎರಡಕ್ಕೂ ಬೇರೆ ಬೇರೆ ರೂಪಗಳಿವೆ. ವಿಶ್ವಾಸ ಸಂಗ್ರಹದಲ್ಲಿ ಪ್ರಭುವಿನ ರಾಜ್ಯಕ್ಕೆ ಅಂತ್ಯವಿರದು ಎನ್ನುವಲ್ಲಿನ 'ಎರಿತ್', ಪರಮಪ್ರಸಾದ ಸ್ವೀಕರಿಸುವ ಮುನ್ನ ಆತ್ಮವು ಗುಣಹೊಂದುವುದು ಎನ್ನುವಲ್ಲಿನ 'ಸಾನಾಬಿತುರ್', ಇವೆರಡೂ ಭವಿಷ್ಯತ್ ರೂಪಗಳೇ. ನಮ್ಮ ಭರವಸೆ ಆ ಪ್ರತ್ಯಯಗಳಲ್ಲಿ ಅಡಗಿದೆ.

ಈ ಎರಡು ಪಾಠಗಳು ಜೊತೆಗೂಡುವುದು ಜಗದ್ಗುರುವಿನ ಚುನಾವಣೆಯಲ್ಲಿ. ಮತಪತ್ರದ ಮೇಲೆ 'ಪರಮ ಗುರುವಾಗಿ ಆರಿಸುತ್ತೇನೆ' ಎಂಬ ಅರ್ಥದ ಲ್ಯಾಟಿನ್ ವಾಕ್ಯವಿರುತ್ತದೆ. ಅಲ್ಲಿನ 'ಸುಮ್ಮುಮ್' ಎಂಬುದು 'ಅತ್ಯುನ್ನತ' ಎಂಬ ಅರ್ಥದ ಪದ, ನಿಯಮ ಮೀರಿದ ತಮ ರೂಪ. ಆ ಚೀಟಿಯನ್ನು ಹಿಡಿದು, ಮೈಕೆಲ್ಯಾಂಜೆಲೊ ಚಿತ್ರಿಸಿದ ಅಂತಿಮ ತೀರ್ಪಿನ ಎದುರು ನಿಂತು, ಕಾರ್ಡಿನಲರು ಕ್ರಿಸ್ತಪ್ರಭುವನ್ನು ಸಾಕ್ಷಿಯಾಗಿ ಕರೆಯುತ್ತಾರೆ. ಆ ಪ್ರಭುವು ತಮಗೆ ತೀರ್ಪು ನೀಡಲಿರುವವರು, 'ಯೂದಿಕಾತೂರುಸ್', ಎನ್ನುತ್ತಾರೆ. ಇದು ಭವಿಷ್ಯತ್ ಕೃದಂತ. ಅತ್ಯುನ್ನತ ಪದವಿಯನ್ನು ನೀಡುವ ಕೈ, ಮುಂದೊಂದು ದಿನ ಲೆಕ್ಕ ಒಪ್ಪಿಸಬೇಕಾದ ಕೈಯೂ ಹೌದು. ಅಧಿಕಾರದ ಬಗ್ಗೆ ಧರ್ಮಸಭೆಯ ಬೋಧನೆ ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಬೇರೆಡೆ ಸಿಗುವುದು ವಿರಳ.

ಅರ್ಥ ತಿಳಿಯದಿದ್ದರೆ ಇವೆಲ್ಲ ಗಂಭೀರವಾದ ಸದ್ದುಗಳು ಮಾತ್ರ. 2013ರ ಫೆಬ್ರವರಿ 11ರಂದು 16ನೇ ಬೆನೆಡಿಕ್ಟರು ತಮ್ಮ ನಿವೃತ್ತಿಯನ್ನು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದಾಗ, ಆ ಭಾಷೆ ಬಲ್ಲ ಆನ್ಸಾ ಸುದ್ದಿಸಂಸ್ಥೆಯ ವರದಿಗಾರ್ತಿಯೊಬ್ಬರು ಅನುವಾದಕ್ಕೆ ಕಾಯದೆ ಆ ವಾರ್ತೆಯನ್ನು ಜಗತ್ತಿಗೆ ಮುಟ್ಟಿಸಿದರು. ಶಾಲಾ ಹಂತದ ಅಭ್ಯಾಸಕ್ಕೂ ಬೆಲೆಯುಂಟೆಂಬುದಕ್ಕೆ ಇದೇ ನಿದರ್ಶನ.

ಗುರು ಅಭ್ಯರ್ಥಿಗಳು ಮಾತೃಭಾಷೆಯ ಜೊತೆಗೆ ಲ್ಯಾಟಿನನ್ನೂ ಚೆನ್ನಾಗಿ ಅರಿತಿರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 249ನೇ ವಿಧಿ ಹೇಳುತ್ತದೆ. ದೇವಾರಾಧನೆಯಲ್ಲಿ ಮಾತೃಭಾಷೆಗೆ ಬಾಗಿಲು ತೆರೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯೇ, ಭಕ್ತಾದಿಗಳು ತಮ್ಮ ಪಾಲಿನ ಭಾಗಗಳನ್ನು ಲ್ಯಾಟಿನ್ ಭಾಷೆಯಲ್ಲೂ ಹೇಳಲು ಇಲ್ಲವೆ ಹಾಡಲು ಶಕ್ತರಾಗಬೇಕೆಂದು 1963ರಲ್ಲಿ ಬಯಸಿತು. ವ್ಯಾಟಿಕನ್ನಿನ ಕಚೇರಿಗಳು ಯಾವ ಭಾಷೆಯಲ್ಲಿ ಪತ್ರ ಬರೆದರೂ ಈ ಎರಡು ಮಾತುಗಳು ರದ್ದಾಗಿಲ್ಲ. ನಮ್ಮ ಗುರುಮಠಗಳು ಆ ವಿಧಿಯನ್ನು ಗಂಭೀರವಾಗಿ ಪಾಲಿಸಲಿ. ನಮ್ಮ ಮನೆಗಳಲ್ಲಿ, ಮಕ್ಕಳು ಗಾಯನವೃಂದದಲ್ಲಿ ಕಲಿತ ಲ್ಯಾಟಿನ್ ಗೀತೆಯ ಒಂದು ಪದದ ಅರ್ಥವನ್ನಾದರೂ ಹಿರಿಯರು ಅವರಿಗೆ ತಿಳಿಸಿಕೊಡಲಿ.