ತುಕ್ಕು ಹಿಡಿದ ಪಿಕಪ್ಪು ಪ್ರಾಜೆಕ್ಟ್ ಆಗಬಾರದಾ?

ಏಳನೇ ಸೆಮಿಸ್ಟರ್ ಶುರುವಾಗ್ತಿದ್ದ ಹಾಗೆ ನಮ್ಮ ಮೆಕ್ಯಾನಿಕಲ್ ಬ್ಲಾಕಿನ ಕಾರಿಡಾರಲ್ಲಿ ಕೇಳಿಬರೋ ಪ್ರಶ್ನೆ ಒಂದೇ. "ಪ್ರಾಜೆಕ್ಟ್ ಎಲ್ಲಿ ತಗೊಂಡ್ರಿ?" ಗಮನಿಸಿ, ಏನು ಮಾಡ್ತಿದ್ದೀರಿ ಅಂತಲ್ಲ, ಎಲ್ಲಿ ತಗೊಂಡ್ರಿ ಅಂತ. ದುಡ್ಡು ಕೊಟ್ಟರೆ ಮಾಡೆಲ್ಲು, ರಿಪೋರ್ಟು, ಪಿಪಿಟಿ ಮೂರನ್ನೂ ಒಟ್ಟಿಗೆ ಕಟ್ಟಿಕೊಡೋ ಅಂಗಡಿಗಳಿವೆ ಅನ್ನೋದು ನಮಗೂ ಗೊತ್ತು, ಗೈಡುಗಳಿಗೂ ಗೊತ್ತು. ಸೋಲಾರ್ ಹುಲ್ಲು ಕತ್ತರಿಸುವ ಯಂತ್ರ ಎಷ್ಟು ಬ್ಯಾಚುಗಳ ಪ್ರಾಜೆಕ್ಟ್ ಆಗಿದೆಯೋ, ಲೆಕ್ಕ ಇಟ್ಟವರಿಲ್ಲ. ಕ್ಯಾಂಪಸ್ಸಿನ ಹುಲ್ಲನ್ನು ಮಾತ್ರ ಈಗಲೂ ಕೂಲಿಯವರೇ ಕತ್ತರಿಸ್ತಾರೆ.

ಈ ಸಲ ನಮ್ಮ ಬ್ಯಾಚಿನ ನಾಲ್ಕು ಜನ ಬೇರೆ ಏನೋ ಮಾಡೋಣ ಅಂತ ಹೊರಟರು. ತಂಡದಲ್ಲಿ ಒಬ್ಬ ಕುಂದಾಪುರ ಕಡೆಯವನು. ಅವನ ಸೋದರಮಾವ ಹಳೇ ಮೀನಿನ ಪಿಕಪ್ ಒಂದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ದಾರೆ. ಇಂಜಿನ್ ಚೆನ್ನಾಗಿದೆ, ಚಾಸಿ ಗಟ್ಟಿ ಇದೆ, ಹಿಂದಿನ ಬಾಡಿ ಮಾತ್ರ ಉಪ್ಪುನೀರಿಗೆ ಕರಗಿಹೋಗಿ ನೆಲದ ತಗಡಿನ ಮೂಲಕ ರಸ್ತೆ ಕಾಣ್ತದೆ. ಆ ಬಾಡಿ ಬಿಚ್ಚಿ ಎಸೆದು, ಕೆಂಪುಕಲ್ಲು, ಹುಲ್ಲಿನ ಹೊರೆ ಮೂರೂ ಕಡೆಯಿಂದ ಹೇರಲಿಕ್ಕೆ ಬರುವ ಹಾಗೆ ಒಂದು ಫ್ಲ್ಯಾಟ್‌ಬೆಡ್ ನಾವೇ ಕಟ್ಟುತ್ತೇವೆ ಅಂತ ಸಿನಾಪ್ಸಿಸ್ ಕೊಟ್ಟರು. ರಿವ್ಯೂನಲ್ಲಿ ಬಂದ ಮಾತು: "ಇದು ವೆಲ್ಡಿಂಗ್ ಶಾಪ್ ಕೆಲಸ ಕಣ್ರಯ್ಯಾ, ಇದರಲ್ಲಿ ಇಂಜಿನಿಯರಿಂಗ್ ಎಲ್ಲಿದೆ?" ವಿಷಯ ವಾಪಸ್ ಬಂತು.

ನಾನು ಆ ತಂಡದಲ್ಲಿಲ್ಲ. ಆದ್ರೂ ಆ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನಿಸ್ತು. ಯಾಕಂದ್ರೆ ನಾಲ್ಕು ವರ್ಷ ನಾವು ಓದಿದ ಅರ್ಧ ಸಿಲಬಸ್ ಆ ತೂತು ಬಿದ್ದ ಬಾಡಿಯೊಳಗೇ ಇದೆ.

ಮೊದಲು ತುಕ್ಕನ್ನೇ ತಗೊಳ್ಳಿ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಕರೋಶನ್ ಅಂತ ಒಂದು ಮಾಡ್ಯೂಲ್ ಇತ್ತಲ್ಲ, ಪರೀಕ್ಷೆ ಮುಗಿದ ಮಾರನೇ ದಿನ ಮರೆತ ಮಾಡ್ಯೂಲ್, ಅದೇ. ಮೀನಿನ ಗಾಡಿಯಲ್ಲಿ ಐಸ್ ಕರಗಿದ ನೀರು ಉಪ್ಪಿನ ಜೊತೆ ಸೇರಿ ದಿನವಿಡೀ ಸೋರ್ತಾ ಇರ್ತದೆ. ಆದ್ರೆ ನೋಡಿ, ತೂತು ಬೀಳೋದು ನೀರು ಹರಿದುಹೋಗೋ ಜಾಗದಲ್ಲಲ್ಲ, ನಿಲ್ಲೋ ಜಾಗದಲ್ಲಿ. ಎರಡು ತಗಡು ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡ್ ಆಗಿರುವ ಸಂದಿಯಲ್ಲಿ. ಅಲ್ಲಿ ಪೇಂಟ್ ಒಳಗೆ ಹೋಗೋದಿಲ್ಲ, ನೀರು ಮಾತ್ರ ಹೋಗ್ತದೆ. ಆಕ್ಸಿಜನ್ ಕಮ್ಮಿ ಇರುವ ಸಂದಿಯ ಒಳಭಾಗ ಆನೋಡ್ ಆಗಿ ಕರಗ್ತಾ ಹೋಗ್ತದೆ. ಮೇಲಿಂದ ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಊದಿಕೊಂಡು ಎರಡು ತಗಡನ್ನೂ ಬಿಡಿಸ್ತದೆ, ಸಂದಿ ಇನ್ನಷ್ಟು ದೊಡ್ಡದಾಗ್ತದೆ. ಇಷ್ಟು ಅರ್ಥ ಆದವನು ಹೊಸ ಬೆಡ್ಡಿನಲ್ಲಿ ಸಂದಿಗಳನ್ನೇ ಕಮ್ಮಿ ಮಾಡ್ತಾನೆ. ಪೈಪಿನ ಬಾಯಿ ಮುಚ್ಚುತ್ತಾನೆ, ಚಾನೆಲ್ಲನ್ನು ನೀರು ನಿಲ್ಲದ ಹಾಗೆ ಬೋರಲು ಕೂರಿಸ್ತಾನೆ. ಅರ್ಥ ಆಗದವನು ದುಬಾರಿ ಪೇಂಟ್ ಹೊಡೆಸ್ತಾನೆ.

ಈ ಕೆಲಸಕ್ಕೆ ಒಂದು ವಂಶಾವಳಿಯೂ ಇದೆ. 1917ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿಟಿ ಅನ್ನೋ ಒಂದು ಟನ್ನಿನ ಟ್ರಕ್ಕನ್ನು ಮಾರಲು ಶುರು ಮಾಡಿದಾಗ ಕೊಟ್ಟದ್ದು ಬರೀ ಚಾಸಿ. ಹಿಂದಿನ ಬಾಡಿ ಕೊಂಡವರೇ ಕಟ್ಟಿಸಿಕೊಳ್ಳಬೇಕಿತ್ತು. ಕಾರ್ಖಾನೆಯಲ್ಲೇ ಬಾಡಿ ಕೂರಿಸಿದ ಮಾಡೆಲ್ ಟಿ ಪಿಕಪ್ ಬಂದದ್ದು 1925ರಲ್ಲಿ, ಬೆಲೆ 281 ಡಾಲರ್. ಅಂದ್ರೆ ಮನೆಯಲ್ಲಿ ಕಟ್ಟಿದ ಬಾಡಿ ಮೊದಲು ಬಂತು, ಕಂಪನಿ ಬಾಡಿ ಆಮೇಲೆ. ಅಮೆರಿಕದಲ್ಲಿ ಹಿಮ ಬೀಳುವ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿನ ಪಿಕಪ್ಪುಗಳೂ ನಮ್ಮ ಮೀನಿನ ಗಾಡಿಯ ಹಾಗೇ ಹಿಂದಿನಿಂದ ಕೊಳೀತಾ ಬರ್ತವೆ, ಅಲ್ಲಿನ ರೈತರು ಬಾಡಿ ಬಿಚ್ಚಿ ಶೆಡ್ಡಿನಲ್ಲೇ ಫ್ಲ್ಯಾಟ್‌ಬೆಡ್ ಕಟ್ಟಿಕೊಳ್ತಾರೆ. ನಮ್ಮಲ್ಲೂ ಲಾರಿ ಬಾಡಿ ಕಟ್ಟೋದು ದೊಡ್ಡ ಕಸುಬು. ಪಕ್ಕದ ತಮಿಳುನಾಡಿನ ನಾಮಕ್ಕಲ್ ಊರಿಗೆ ಹೆಸರು ಬಂದದ್ದೇ ಮೊಟ್ಟೆಯಿಂದ ಮತ್ತು ಲಾರಿ ಬಾಡಿಯಿಂದ. ಇದೆಲ್ಲ ಸಾಧ್ಯ ಆಗಿರೋದು ಪಿಕಪ್ಪಿನ ಭಾರ ಹೊರೋದು ಏಣಿಯಂಥ ಚಾಸಿ, ಮೇಲಿನ ಬಾಡಿ ಅಲ್ಲ ಅನ್ನೋ ಕಾರಣಕ್ಕೆ. ಬೋಲ್ಟ್ ಬಿಚ್ಚಿ, ಟೈಲ್ ಲ್ಯಾಂಪಿನ ವೈರ್ ಕಳಚಿ, ಡೀಸೆಲ್ ತುಂಬುವ ಬಾಯಿ ಬಿಡಿಸಿದರೆ ಬಾಡಿ ಎದ್ದು ಬರ್ತದೆ. ಕಾರಿನಲ್ಲಿ ಇದನ್ನು ಮಾಡಿ ನೋಡಿ, ಕಾರೇ ಉಳಿಯೋದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ವೆಲ್ಡಿಂಗ್ ಶಾಪಿನ ಅಣ್ಣನ ಹತ್ರ ಹೋದರೆ "ಐದು ಎಂಎಂ ಪ್ಲೇಟ್ ಹಾಕುವ ಮಾರಾಯ, ಜನ್ಮಕ್ಕೆ ಹಾಳಾಗುದಿಲ್ಲ" ಅಂತಾರೆ. ಬೆಡ್ 2.5 ಮೀಟರ್ ಉದ್ದ, 1.7 ಮೀಟರ್ ಅಗಲ ಅಂದುಕೊಳ್ಳಿ. ಉಕ್ಕಿನ ಸಾಂದ್ರತೆ 7850. 3 ಎಂಎಂ ಪ್ಲೇಟಾದರೆ 100 ಕೆಜಿ, 5 ಎಂಎಂ ಆದರೆ 167 ಕೆಜಿ. ಈ 67 ಕೆಜಿ ಅಂದ್ರೆ ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ, ಪ್ರತಿ ಟ್ರಿಪ್ಪಿನಲ್ಲೂ ಬಾಡಿಗೆ ಸಿಗದೆ ಓಡಾಡುವ ಭಾರ. ದಪ್ಪ ಹೆಚ್ಚಿಸಿದ್ದರಿಂದ ತಗಡು ಬಾಗೋದು 4.6 ಪಟ್ಟು ಕಮ್ಮಿ ಆಗ್ತದೆ, ನಿಜ. ಆದ್ರೆ 3 ಎಂಎಂ ಪ್ಲೇಟನ್ನೇ ಇಟ್ಟುಕೊಂಡು ಕೆಳಗಿನ ಅಡ್ಡಪಟ್ಟಿಗಳ ಅಂತರ ಅರ್ಧ ಮಾಡಿದರೆ? ಹಂಚಿದ ಭಾರಕ್ಕೆ ಬಾಗುವಿಕೆ ಅಂತರದ ನಾಲ್ಕನೇ ಘಾತದಂತೆ ಬದಲಾಗ್ತದೆ, ಅಂದ್ರೆ ಹದಿನಾರನೇ ಒಂದು ಭಾಗಕ್ಕೆ ಇಳೀತದೆ. ಅದಕ್ಕೆ ಬೇಕಾಗೋದು ನಾಲ್ಕು ಆ್ಯಂಗಲ್ ತುಂಡು, 40-40-5ರದ್ದು ಮೀಟರಿಗೆ 3 ಕೆಜಿ ಹಿಡಿದರೆ ಹೆಚ್ಚುವರಿ ಭಾರ 20 ಕೆಜಿ. (ಆ ಆ್ಯಂಗಲ್ಲೇ ಬಾಗ್ತದಾ ಅಂತ ಇನ್ನೊಂದು ಲೆಕ್ಕ ಹಾಕಬೇಕು, ಅದೂ ಎಸ್‌ಒಎಂನಲ್ಲೇ ಇದೆ.)

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಇದು ತಪ್ಪಿದರೆ ಹೋಗೋದು ದುಡ್ಡಲ್ಲ, ಪ್ರಾಣ. ಜಾಗ ಜಾಸ್ತಿ ಸಿಗಲಿ ಅಂತ ಬೆಡ್ಡನ್ನು ಹಿಂದಕ್ಕೆ ಉದ್ದ ಮಾಡೋದು ಎಲ್ಲರ ಆಸೆ. ವೀಲ್‌ಬೇಸ್ 3 ಮೀಟರ್, ಹೇರು 1500 ಕೆಜಿ ಅಂತಿಟ್ಟುಕೊಳ್ಳಿ. ಹೇರಿನ ಮಧ್ಯಬಿಂದು ಬರೀ 200 ಎಂಎಂ ಹಿಂದೆ ಸರಿದರೆ ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ 100 ಕೆಜಿ ಕಡಿಮೆಯಾಗ್ತದೆ. ಆಗುಂಬೆ ಘಾಟಿ ಹತ್ತುವಾಗ, ಮಳೆಯಲ್ಲಿ, ಸ್ಟಿಯರಿಂಗ್ ಹಗುರ ಆಯ್ತು ಅಂತ ಡ್ರೈವರ್ ಹೇಳ್ತಾನಲ್ಲ, ಆ ಹಗುರ ಇದೇ. ಎಫ್‌ಬಿಡಿ ಬಿಡಿಸೋಕೆ ನಮಗೆ ಸೆಕೆಂಡ್ ಇಯರಲ್ಲೇ ಬರ್ತಿತ್ತು. ಅದನ್ನು ಎದುರಿಗೆ ನಿಂತ ಗಾಡಿಯ ಮೇಲೆ ಬಿಡಿಸಿ ಅಂತ ಯಾರೂ ಕೇಳಲಿಲ್ಲ, ಅಷ್ಟೇ.

ಬೆಡ್ಡನ್ನು ಚಾಸಿಗೆ ಕೂರಿಸೋದಂತೂ ಒಂದು ಸೆಮಿಸ್ಟರಿನ ಪಾಠ. ಸುಲಭ ದಾರಿ ಅಂದ್ರೆ ನೇರ ವೆಲ್ಡ್ ಹೊಡೆಯೋದು. ಆದ್ರೆ ಚಾಸಿಯ ಮೇಲೂ ಕೆಳಗೂ ಇರುವ ಅಂಚುಗಳಲ್ಲೇ ಒತ್ತಡ ಅತಿ ಹೆಚ್ಚು. ಅಲ್ಲಿ ವೆಲ್ಡಿನ ಶಾಖ ತಾಗಿದ ಜಾಗದಿಂದ ಅಥವಾ ಡ್ರಿಲ್ ಮಾಡಿದ ತೂತಿನಿಂದ ಫೆಟೀಗ್ ಬಿರುಕು ಶುರುವಾಗ್ತದೆ, ಕಣ್ಣಿಗೆ ಕಾಣೋ ಹೊತ್ತಿಗೆ ತಡ ಆಗಿರ್ತದೆ. ಹಾಗಾಗಿ ಚಾಸಿಯಲ್ಲಿ ಕಂಪನಿ ಕೊಟ್ಟ ತೂತು, ಬ್ರಾಕೆಟ್ಟುಗಳನ್ನೇ ಬಳಸಬೇಕು, ಇಲ್ಲವೇ ಯು-ಬೋಲ್ಟ್ ಹಾಕಬೇಕು. ಹಳ್ಳ ಗುಂಡಿಯಲ್ಲಿ ಚಾಸಿ ತಿರುಚಿಕೊಳ್ತದೆ, ಬೆಡ್ಡು ಅದನ್ನು ತಡೆದರೆ ಏನಾದರೂ ಒಂದು ಮುರಿಯಲೇಬೇಕು. ಅದಕ್ಕೇ ಮಧ್ಯೆ ಮರದ್ದೋ ರಬ್ಬರಿನದ್ದೋ ಪ್ಯಾಕಿಂಗ್ ಇಡೋದು. ಇದನ್ನು ಶಾಪಿನ ಅಣ್ಣ ಯಾವ ಪುಸ್ತಕವನ್ನೂ ಓದದೆ ಮಾಡ್ತಾರೆ. ಬೆಡ್ಡಿನ ಮೇಲೆ ವೆಲ್ಡ್ ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು, ಅರ್ಥ್ ಕ್ಲಾಂಪನ್ನು ವೆಲ್ಡಿನ ಹತ್ರವೇ ಹಾಕಬೇಕು, ಇಲ್ಲದಿದ್ರೆ ಕರೆಂಟು ಬೇರಿಂಗ್ ಮೂಲಕವೋ ಇಸಿಯು ಮೂಲಕವೋ ದಾರಿ ಹುಡುಕ್ತದೆ ಅನ್ನೋದೂ ಅವರಿಗೆ ಗೊತ್ತು. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನನ್ನ ಅಭಿಪ್ರಾಯ ಇಷ್ಟೇ: ಅವರ ಹತ್ರ ಇಲ್ಲದ್ದು ನಮ್ಮ ಕ್ಯಾಲ್ಕುಲೇಟರಲ್ಲಿದೆ, ನಮ್ಮ ಹತ್ರ ಇಲ್ಲದ್ದು ಅವರ ಕೈಯಲ್ಲಿದೆ. ಇಬ್ಬರನ್ನೂ ಒಂದೇ ಶೆಡ್ಡಿನಲ್ಲಿ ನಿಲ್ಲಿಸೋ ಪ್ರಾಜೆಕ್ಟನ್ನು ಬೇಡ ಅಂದದ್ದು ಸರಿಯಲ್ಲ.

ಕಾನೂನಿನ ಮಾತೂ ಬಂತು ರಿವ್ಯೂನಲ್ಲಿ. ಅದು ನ್ಯಾಯವಾದ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಬಾಡಿ ಯಾವ ಬಗೆಯದ್ದು, ಖಾಲಿ ಗಾಡಿಯ ತೂಕ ಎಷ್ಟು ಅನ್ನೋದು ಆರ್‌ಸಿಯಲ್ಲೇ ಇರ್ತದೆ. ಎರಡೂ ಬದಲಾಗೋದ್ರಿಂದ ಆರ್‌ಟಿಒ ಒಪ್ಪಿಗೆ ಮೊದಲು, ಕಟಿಂಗ್ ಮಶೀನ್ ಆಮೇಲೆ. ಆದ್ರೆ ಇದು ಪ್ರಾಜೆಕ್ಟ್ ಬೇಡ ಅನ್ನೋದಕ್ಕೆ ಕಾರಣ ಹೇಗಾಗ್ತದೆ? ಅಳತೆ ಹಾಕಿದ ಡ್ರಾಯಿಂಗು, ಆ್ಯಕ್ಸಲ್ ಭಾರದ ಲೆಕ್ಕ, ವೇಬ್ರಿಡ್ಜ್ ಚೀಟಿ ಹಿಡಿದುಕೊಂಡು ಕಚೇರಿಗೆ ಹೋಗೋದನ್ನೂ ಕಲಿಯಬೇಕಲ್ಲ. ಒಪ್ಪಿಗೆ ಸಿಗದಿದ್ರೆ ಮೂಲ ನಮೂನೆಯ ಬಾಡಿಯನ್ನೇ ಸಂದಿಗಳಿಲ್ಲದೆ ಕಟ್ಟಬಹುದು, ಮೇಲಿನ ಮುಕ್ಕಾಲು ಲೆಕ್ಕ ಆಗಲೂ ಬೇಕು.

ಉಳಿದದ್ದು ಹೊಸತನದ ಪ್ರಶ್ನೆ. ಫ್ಲ್ಯಾಟ್‌ಬೆಡ್ಡಿನಲ್ಲಿ ಹೊಸತು ಏನಿಲ್ಲ, ಒಪ್ಪಿದೆ. ಐದು ವರ್ಷ ಹಳೆಯ ರಿಪೋರ್ಟಿನ ಮುಖಪುಟ ಬದಲಾಯಿಸೋದರಲ್ಲಿ ಎಷ್ಟು ಹೊಸತಿದೆ ಅಂತ ಮಾತ್ರ ಕೇಳಬೇಡಿ. ಈ ಬೆಡ್ಡಿಗೆ ಎಕ್ಸ್‌ಟರ್ನಲ್ ಎಕ್ಸಾಮಿನರ್‌ಗಿಂತ ಕಟ್ಟುನಿಟ್ಟಿನ ಪರೀಕ್ಷಕ ಒಬ್ಬರಿದ್ದಾರೆ, ಗಾಡಿ ಓಡಿಸುವ ಮಾವ. ಮೊದಲ ಲೋಡ್ ಕೆಂಪುಕಲ್ಲಿಗೆ ವೆಲ್ಡ್ ಬಿಟ್ಟರೆ ವೈವಾ ಅಲ್ಲೇ ಮುಗೀತು.

ತಂಡದವರು ಎರಡನೇ ಸಲ ಸಿನಾಪ್ಸಿಸ್ ಬರೀತಿದ್ದಾರೆ, ಈ ಸಲ ಲೆಕ್ಕ ಮುಂದಿಟ್ಟು. ನೆಲಕ್ಕೆ ಪ್ಲೇಟಾ, ಮರದ ಹಲಗೆಯಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಹಲಗೆ ಹಗುರ, ಒಡೆದರೆ ಒಂದೇ ತುಂಡು ಬದಲಾಯಿಸಬಹುದು, ಆದ್ರೆ ಕರಾವಳಿ ಮಳೆಗೆ ಎಷ್ಟು ವರ್ಷ ಬಾಳೀತು ಅನ್ನೋದು ಪ್ರಶ್ನೆ. ನನ್ನ ಓಟು ಹಲಗೆಗೆ. ಇಲೆಕ್ಟ್ರಿಕಲ್‌ನವರು ಯಾರಾದರೂ ಟೈಲ್ ಲ್ಯಾಂಪ್ ವೈರಿಂಗ್ ನೋಡಿಕೊಳ್ತೀರಾದ್ರೆ ಹೇಳಿ. ಗಾಡಿ ಮಳೆಗಾಲ ಮುಗಿಯೋವರೆಗೂ ಮಾವನ ಮನೆ ಅಂಗಳದಲ್ಲೇ ನಿಂತಿರ್ತದೆ.