ಎರಡನೇ ದಿನವೇ ಪ್ಯಾಂಗಾಂಗ್ ಅಂತ ಕಾಲ್‌ಶೀಟ್ ಹಾಕೋರಿಗೂ, ಅದಕ್ಕೆ ಹೂಂ ಅನ್ನೋ ನಮಗೂ

1/7

ಈ ಫೋಟೊ ನೀವು ಮೊದಲೇ ನೋಡಿದ್ದೀರಿ. ನೀಲಿ ನೀರು, ಹಿಂದೆ ಕಂದು ಬೆಟ್ಟ, ಮುಂದೆ ಹಳದಿ ಜಾಕೆಟ್ ಹಾಕ್ಕೊಂಡ ಮಾಡೆಲ್. ಹೋದ ಸಲ ಹಾಕಿದಾಗ ಅರ್ಧ ಕ್ಲಾಸು ಬಂದು "ಮಗಾ, ನಮ್ಮನ್ನೂ ಕರ್ಕೊಂಡ್ ಹೋಗೋ" ಅಂತ ಕಾಮೆಂಟ್ ಹಾಕಿತ್ತು. ಈ ಸಲ ಅದೇ ಫೋಟೊವನ್ನ ಕ್ರಾಪ್ ಮಾಡದೆ ಹಾಕಿದ್ದೀನಿ. ಬಲಗಡೆ ಅಂಚಿನಲ್ಲಿ ರಿಫ್ಲೆಕ್ಟರ್ ಹಿಡಿದವರು ಕಾಣ್ತಾರಾ? ಮುಖ ಮಸುಕು ಮಾಡಿದ್ದೀನಿ. ಅವರು ನಿಂತಿಲ್ಲ, ಕೂತಿದ್ದಾರೆ. ಲೈಟ್‌ಗೆ ಬೇಕು ಅಂತ ಕೂತಿದ್ದಲ್ಲ, ನಿಲ್ಲೋಕೆ ಆಗ್ತಿರಲಿಲ್ಲ ಅಂತ.

ಅವತ್ತು ನನಗೂ ತಲೆ ಸಿಡೀತಿತ್ತು. ಯಾರಿಗೂ ಹೇಳಲಿಲ್ಲ. ಮೊದಲನೇ ದೊಡ್ಡ ಶೂಟ್, ಕ್ಯಾಮೆರಾ ಅಸಿಸ್ಟೆಂಟ್ ಅಂತ ಹೆಸರು ಬರುತ್ತೆ, "ಹುಡುಗ ವೀಕು" ಅಂದುಬಿಟ್ಟರೆ ಇನ್ನೊಂದು ಸಲ ಕರೆಯಲ್ಲ ಅನ್ನೋ ಭಯ. ಈಗ ನಮ್ಮ ಬ್ಯಾಚ್‌ನ ಇಬ್ಬರು ಮುಂದಿನ ತಿಂಗಳು ಲಡಾಖ್‌ಗೆ ಹೊರಟಿದ್ದಾರೆ. ಅವರ ಶೆಡ್ಯೂಲ್ ನೋಡಿದೆ. ಒಂದನೇ ದಿನ ಲೇಹ್, ಎರಡನೇ ದಿನ ಪ್ಯಾಂಗಾಂಗ್. ನನ್ನದೇ ಹಳೇ ಕಾಲ್‌ಶೀಟ್‌ಗೆ ತಾರೀಖು ಬದಲಾಯಿಸಿದ ಹಾಗಿದೆ. ಅದಕ್ಕೇ ಈ ಏಳು ಪೋಸ್ಟು. ಉದ್ದ ಇದೆ, ಓದಿ.

2/7

ಮೊದಲು ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ನಮ್ಮ ರಾಜ್ಯದ ಅತಿ ಎತ್ತರದ ತುದಿ ಮುಳ್ಳಯ್ಯನಗಿರಿ 1,930 ಮೀಟರ್. ಲೇಹ್ ಸುಮಾರು 3,500 ಮೀಟರ್. ಅಂದ್ರೆ ಅಲ್ಲಿ ನಿಮ್ಮ ಹೋಟೆಲ್ ಮಂಚವೇ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಗಿರಿ ಇಟ್ಟಷ್ಟು ಎತ್ತರದಲ್ಲಿರುತ್ತೆ. ಡೆಲ್ಲಿಯಿಂದ ಅಲ್ಲಿಗೆ ವಿಮಾನ ಒಂದೂವರೆ ಗಂಟೆಯೊಳಗೆ ಒಯ್ದು ಇಳಿಸುತ್ತೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅಲ್ಲೂ ಶೇಕಡ 21ರಷ್ಟೇ. ಕಡಿಮೆ ಆಗೋದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡರಷ್ಟು. 4,200 ಮೀಟರ್ ದಾಟಿರುವ ಪ್ಯಾಂಗಾಂಗ್‌ನಲ್ಲಿ ಶೇಕಡ 60ರ ಆಸುಪಾಸು. ನಡುವೆ ದಾಟೋ ಚಾಂಗ್ ಲಾ 5,300 ಮೀಟರ್‌ಗೂ ಮೇಲೆ. ಅಲ್ಲಿ ಹೆಚ್ಚುಕಡಿಮೆ ಅರ್ಧ. ಪ್ರತಿ ಉಸಿರಿಗೂ ಅಷ್ಟು ಕಡಿಮೆ ಸಿಗುತ್ತೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತೆ, ಆದರೆ ಟೈಮ್ ತಗೊಳ್ಳುತ್ತೆ. ಉಸಿರು ಜೋರಾಗುತ್ತೆ, ಮೂತ್ರ ಜಾಸ್ತಿ ಆಗುತ್ತೆ, ರಕ್ತದ ಆಮ್ಲ-ಕ್ಷಾರದ ಹದ ನಿಧಾನವಾಗಿ ಬದಲಾಗುತ್ತೆ. ಇದು ದಿನಗಳ ಕೆಲಸ, ಕಾಫಿ ಕುಡಿದು ಮುಗಿಸೋದಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಂದು ದಿನ ಸುಮ್ಮನಿರಿ ಅಂತ ಪರ್ವತ ವೈದ್ಯರು ಹೇಳೋದು ಇದಕ್ಕೇ. ನಮ್ಮ ಕಾಲ್‌ಶೀಟ್ ಎರಡು ರಾತ್ರಿಯಲ್ಲಿ 900ರಿಂದ 4,200ಕ್ಕೆ ಹತ್ತಿಸಿತ್ತು.

3/7

ಈ ಪೋಸ್ಟ್‌ನ ಫೋಟೊ ಕತ್ತಲೆ. ಏನೂ ಕಾಣಲ್ಲ, ಜೀಪಿನ ಲೈಟ್ ಬಿಟ್ಟು.

ಸಂಜೆ ಬೆಳಕಿನಲ್ಲಿ ಶೂಟ್ ಮುಗಿಸಿ ಸರೋವರದ ಪಕ್ಕದ ಟೆಂಟ್‌ಗಳಲ್ಲೇ ಮಲಗಿದ್ವಿ. ರಿಫ್ಲೆಕ್ಟರ್ ಹಿಡಿದಿದ್ದ ಲೈಟ್ ಯೂನಿಟ್ ಅಣ್ಣನಿಗೆ ಒಣಕೆಮ್ಮು ಶುರುವಾಗಿತ್ತು. ಹನ್ನೊಂದು ಗಂಟೆಗೆ ಕೂತರೂ ಏದುಸಿರು. "ತಮ್ಮಾ, ಮಲಗಿದ್ರೆ ಯಾರೋ ಎದೆ ಮೇಲೆ ಕೂತಂಗೆ ಆಗ್ತದೆ ಕಣೋ" ಅಂದ್ರು. ಮ್ಯಾನೇಜರ್‌ನ ಎಬ್ಬಿಸಿದೆ. "ಗ್ಯಾಸ್ಟ್ರಿಕ್ ಇರಬೇಕು, ಮಾತ್ರೆ ಕೊಟ್ಟು ಮಲಗಿಸು, ಬೆಳಿಗ್ಗೆ ಸನ್‌ರೈಸ್ ಇದೆ" ಅಂತ ಹೇಳಿ ಮಗ್ಗಲು ಬದಲಾಯಿಸಿದ್ರು.

ಉಳಿಸಿದ್ದು ನಮ್ಮ ಲಡಾಖಿ ಡ್ರೈವರ್. ಬೆನ್ನಿಗೆ ಕಿವಿ ಇಟ್ಟು ಕೇಳಿದರು, ಆಮೇಲೆ ಯಾರನ್ನೂ ಕೇಳಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ "ಈಗಲೇ ಇಳೀಬೇಕು" ಅಂದರು. ಶ್ವಾಸಕೋಶದಲ್ಲಿ ನೀರು ತುಂಬ್ತಾ ಇತ್ತು. ಇದಕ್ಕೆ ಹೇಪ್ ಅಂತಾರೆ. ಸಾಮಾನ್ಯವಾಗಿ ಎತ್ತರಕ್ಕೆ ಹೋದ ಎರಡನೇ ರಾತ್ರಿಯಿಂದ ನಾಲ್ಕನೇ ರಾತ್ರಿಯೊಳಗೆ ಬರುತ್ತೆ. ನಮ್ಮದು ಎರಡನೇ ರಾತ್ರಿ.

ಈಗ ಒಂದು ವಿಷಯ ಹೇಳ್ತೀನಿ, ರೆಕ್ಕಿ ಮಾಡಿದವರಿಗೂ ತಲೆಗೆ ಹೋಗಿರಲಿಲ್ಲ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯೋದು. ಆದರೆ ಪ್ಯಾಂಗಾಂಗ್‌ನಿಂದ ಲೇಹ್‌ಗೆ ಇಳಿಯಬೇಕು ಅಂದ್ರೆ ಮೊದಲು ಹತ್ತಬೇಕು! ಎಲ್ಲರೂ ಹೋಗೋ ಮಾಮೂಲಿ ದಾರಿ ಚಾಂಗ್ ಲಾ ದಾಟಿಯೇ ಹೋಗುತ್ತೆ. ಉಸಿರು ಸಿಗದ ಮನುಷ್ಯನನ್ನ ಇನ್ನೂ ಸಾವಿರ ಮೀಟರ್ ಮೇಲಕ್ಕೆ ಒಯ್ದು ಆಮೇಲೆ ಕೆಳಗೆ ತರಬೇಕು. ಮ್ಯಾಪಿನಲ್ಲಿ ಇದು ಕಾಣಲ್ಲ, 150 ಚಿಲ್ಲರೆ ಕಿಲೋಮೀಟರ್, ಐದು ಗಂಟೆ ಅಂತಷ್ಟೇ ಕಾಣುತ್ತೆ.

ನಮ್ಮ ಪುಣ್ಯಕ್ಕೆ ದಾರಿಯಲ್ಲಿ, ಸರೋವರಕ್ಕಿಂತ ತುಸು ತಗ್ಗಿನಲ್ಲಿ ತಂಗ್ತ್ಸೆ ಅನ್ನೋ ಊರಿದೆ, ಅಲ್ಲೊಂದು ಆರೋಗ್ಯ ಕೇಂದ್ರ ಇದೆ. ರಾತ್ರಿ ಒಂದೂವರೆಗೆ ಅಲ್ಲಿ ಆಕ್ಸಿಜನ್ ಹಾಕಿದ್ರು. ಬೆಳಗಾದ ಮೇಲೆ ಸಿಲಿಂಡರ್ ಸಮೇತ ಪಾಸ್ ದಾಟಿಸಿ ಲೇಹ್‌ನ ಆಸ್ಪತ್ರೆಗೆ. ಅಣ್ಣ ಬದುಕಿದರು, ಈಗ ಆರಾಮಾಗಿದ್ದಾರೆ. ಆಸ್ಪತ್ರೆಯಲ್ಲಿ ಮಲಗಿದ್ದ ಮೂರು ದಿನದ ಬಾಟಾ ಮಾತ್ರ ಕಟ್. "ಕೆಲಸ ಮಾಡಿಲ್ವಲ್ಲಪ್ಪಾ" ಅಂದರಂತೆ. ಕಂಪನಿ ಹೆಸರು ಕೇಳಬೇಡಿ, ಹಾಕಲ್ಲ. ಅವರೊಬ್ಬರೇ ಹೀಗೆ ಅಂತ ನೀವು ಅಂದ್ಕೊಂಡುಬಿಡ್ತೀರಿ, ಅದು ಸುಳ್ಳು.

4/7

ಇದನ್ನ ಹೇಳಿದಾಗೆಲ್ಲ ಬರೋ ಉತ್ತರಗಳು ನನಗೆ ಬಾಯಿಪಾಠ ಆಗಿವೆ.

"ನಾವು ಯಂಗ್, ಜಿಮ್ ಮಾಡ್ತೀವಿ." ಫಿಟ್‌ನೆಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಮ್ಯಾರಥಾನ್ ಓಡೋನಿಗೂ ಬರುತ್ತೆ, ಸಿಗರೇಟ್ ಸೇದೋ ಮಾವನಿಗೆ ಬರದೇ ಇರಬಹುದು. ನಿಜ ಹೇಳಬೇಕಂದ್ರೆ ಗಟ್ಟಿಮುಟ್ಟಾದವರೇ ಮೊದಲ ದಿನ ಟ್ರೈಪಾಡ್ ಹೊತ್ಕೊಂಡು ಓಡಾಡಿ ಬೇಗ ಬೀಳೋದು.

"ಡೈಮಾಕ್ಸ್ ಇದೆಯಲ್ಲ." ಇದೆ. ದೇಹ ಹೊಂದಿಕೊಳ್ಳೋದನ್ನ ಚುರುಕು ಮಾಡುತ್ತೆ, ಆದರೆ ಬಿಟ್ಟುಹೋದ ದಿನಗಳನ್ನ ತಂದುಕೊಡಲ್ಲ. ಸಲ್ಫಾ ಅಲರ್ಜಿ ಇರೋರು ಡಾಕ್ಟರನ್ನ ಕೇಳದೆ ಮುಟ್ಟಲೇಬಾರದು. ನಮ್ಮ ಸೆಟ್‌ನಲ್ಲಿ ಪ್ರೊಡಕ್ಷನ್ ಹುಡುಗ ಪೆಪ್ಪರ್‌ಮಿಂಟ್ ಹಂಚಿದ ಹಾಗೆ ಹಂಚಿದ. ಯಾರಿಗೆ ಅಲರ್ಜಿ ಅಂತ ಒಬ್ಬರೂ ಕೇಳಲಿಲ್ಲ.

"ಆಕ್ಸಿಜನ್ ಕ್ಯಾನ್ ತಗೊಂಡ್ ಹೋಗ್ತೀವಿ." ಆ ಸ್ಪ್ರೇ ಡಬ್ಬಿ ಕೆಲವು ನಿಮಿಷಕ್ಕೆ ಖಾಲಿ. ಇಡೀ ರಾತ್ರಿ ಏನ್ ಮಾಡ್ತೀರಾ?

"ಆರ್ಮಿಯೋರು ಇರಲ್ವಾ ಅಲ್ಲಿ?" ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಇರ್ತಾರೆ. ಹೇಗೆ ಹೋಗ್ತಾರೆ ಅಂತ ಕೇಳಿದ್ದೀರಾ? 9,000ದಿಂದ 12,000 ಅಡಿಗೆ ಆರು ದಿನ, ಅಲ್ಲಿಂದ 15,000 ಅಡಿವರೆಗೆ ನಾಲ್ಕು ದಿನ, ಅದರ ಮೇಲಕ್ಕೆ ಮತ್ತೆ ನಾಲ್ಕು ದಿನ. ಮೊದಲೆರಡು ದಿನ ಬರೀ ವಿಶ್ರಾಂತಿ. ಗಡಿ ಕಾಯೋ, ಇಪ್ಪತ್ತರ ಹರೆಯದ, ತರಬೇತಿ ಆದ ಸೈನಿಕನಿಗೇ ಇಷ್ಟು ಟೈಮ್ ಕೊಡೋ ಕಡೆ, ಜಾಕೆಟ್ ಮಾರೋ ಜಾಹೀರಾತಿಗೆ ನಮಗೆ ಒಂದು ರಾತ್ರಿ.

5/7

ಈಗ ನನಗೆ ಜಾಸ್ತಿ ಸಿಟ್ಟು ಬರೋ ಭಾಗ. ಫೋಟೊದಲ್ಲಿರೋ ಡ್ರೋನ್ ನೋಡಿ. ಹೊರಡೋ ಮೊದಲು ಅದರ ಮ್ಯಾನ್ಯುಯಲ್ ತೆಗೆದು ಎಷ್ಟು ಎತ್ತರದವರೆಗೆ ಹಾರುತ್ತೆ ಅಂತ ಎರಡು ಸಲ ನೋಡಿದ್ವಿ. ತೆಳು ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಸಿಗಲ್ಲ ಅಂತ ಬೇರೆ ಪ್ರೊಪೆಲ್ಲರ್ ತರಿಸಿದ್ವಿ. ಜನರೇಟರ್ ಅಲ್ಲಿ ಪೂರ್ತಿ ಪವರ್ ಕೊಡಲ್ಲ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಕಳೆದುಕೊಳ್ಳುತ್ತೆ. 14,000 ಅಡಿಗೆ ಲೆಕ್ಕ ಹಾಕಿ ದೊಡ್ಡ ಸೆಟ್ ಬಾಡಿಗೆಗೆ ತಗೊಂಡ್ವಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ ಅಂತ ಅವನ್ನ ಜಾಕೆಟ್ ಒಳಗೆ, ಎದೆಗೆ ಒತ್ತಿಕೊಂಡು ಮಲಗಿದ್ದೆ, ಕೂಸಿನ ಥರ. ಲೆನ್ಸ್ ಮೇಲೆ ತೇವ ಕೂರಬಾರದು ಅಂತ ಚಳಿಯಿಂದ ಒಳಗೆ ತಂದಾಗ ಬ್ಯಾಗ್ ತೆರೆಯದೆ ಎರಡು ಗಂಟೆ ಹಾಗೇ ಬಿಡ್ತಿದ್ವಿ, ನಿಧಾನಕ್ಕೆ ಹೊಂದಿಕೊಳ್ಳಲಿ ಅಂತ.

ಲೆನ್ಸ್‌ಗೆ ಹೊಂದಿಕೊಳ್ಳೋಕೆ ಟೈಮ್ ಕೊಟ್ವಿ! ಯಾಕಂದ್ರೆ ಲೆನ್ಸ್ ಬಾಡಿಗೆದು, ಹಾಳಾದರೆ ದುಡ್ಡು ಕಟ್ಟಬೇಕು. ಅಣ್ಣನಿಗೆ ಡೆಪಾಸಿಟ್ ಇರಲಿಲ್ಲ.

ಬಜೆಟ್ ಇಲ್ಲ ಅನ್ನೋ ಮಾತು ಬೇಡ. ಎರಡು ರೆಸ್ಟ್ ಡೇ ಅಂದ್ರೆ ಯೂನಿಟ್‌ಗೆ ಎರಡು ದಿನದ ರೂಮು, ಊಟ, ಬಾಟಾ. ಕ್ಯಾಮೆರಾ ಬಾಡಿಗೆಗೂ ಆ ದಿನಗಳಿಗೆ ಮಾತಾಡಿ ಕಡಿಮೆ ಮಾಡಿಸಬಹುದು. ನಮ್ಮ ಶೂಟ್‌ನಲ್ಲಿ ಏನಾಯ್ತು ಗೊತ್ತಾ? ಸನ್‌ರೈಸ್ ಆಗಲೇ ಇಲ್ಲ. ಯೂನಿಟ್‌ನಲ್ಲಿ ಅರ್ಧ ಜನ ವಾಂತಿ ಮಾಡ್ಕೊಂಡು ಮಲಗಿದ್ದರು, ಗಾಡಿ ಒಂದು ತಂಗ್ತ್ಸೆಯಲ್ಲಿತ್ತು. ಉಳಿಸೋಕೆ ಹೋದ ದಿನ ಹೀಗೆ ಕಳೀತು. ಆದರೂ ಪ್ರತಿ ಸಲ ಇದೇ ಯಾಕೆ ಆಗುತ್ತೆ ಅಂದ್ರೆ, ಆರ್ಟಿಸ್ಟ್ ಡೇಟ್ ಮೊದಲು ಫಿಕ್ಸ್ ಆಗುತ್ತೆ, ಅದರ ಸುತ್ತ ಶೆಡ್ಯೂಲ್ ಕಟ್ತಾರೆ, ಉಳಿದವರು ಅದರೊಳಗೆ ಹಿಡಿಸಬೇಕು. ಡೈರೆಕ್ಟರ್ ಮತ್ತೆ ಆರ್ಟಿಸ್ಟ್ ರೂಮಲ್ಲಿ ಹೀಟರ್, ಆಕ್ಸಿಜನ್ ಕಾನ್ಸಂಟ್ರೇಟರ್ ಎರಡೂ ಇದ್ದವು. ಭಾರ ಹೊರೋನ ಟೆಂಟ್‌ನಲ್ಲಿ ಎರಡೂ ಇರಲಿಲ್ಲ.

6/7

ಹಾಗಾದ್ರೆ ಅಲ್ಲಿ ಶೂಟ್ ಮಾಡಲೇಬಾರದಾ? ನಾನು ಹಾಗೆ ಹೇಳ್ತಿಲ್ಲ. ಆ ಬೆಳಕು ಬೇರೆಲ್ಲೂ ಸಿಗಲ್ಲ, ನನಗೂ ಗೊತ್ತು. ಶೆಡ್ಯೂಲ್‌ನ ತಿರುಗಿಸಿ ಅಂತ ಹೇಳ್ತಿದ್ದೀನಿ, ಅಷ್ಟೇ.

ಲೇಹ್‌ನಲ್ಲಿ ಮೊದಲ ಎರಡು ಪೂರ್ತಿ ದಿನ ಏನೂ ಇಲ್ಲ. ಶಾಂತಿ ಸ್ತೂಪದ ಮೆಟ್ಟಿಲು ಕೂಡ ಇಲ್ಲ (ನಮ್ಮನ್ನ ಮೊದಲ ಸಂಜೆಯೇ ಹತ್ತಿಸಿದ್ರು, "ಟೈಮ್‌ಪಾಸ್‌ಗೆ"). ಆಮೇಲೆ ಸಿಂಧೂ ಕಣಿವೆಯಲ್ಲೇ ಕೆಲಸ ಶುರು ಮಾಡಿ. ಶೇ, ಥಿಕ್ಸೆ ಲೇಹ್‌ನ ಪಕ್ಕದಲ್ಲೇ ಇವೆ. ಆಲ್ಚಿ ಲೇಹ್‌ಗಿಂತ ತಗ್ಗು. ಮರಳುದಿಬ್ಬ ಬೇಕಾ? ನುಬ್ರಾದ ಹುಂಡರ್ ಕೂಡ ಲೇಹ್‌ಗಿಂತ ತಗ್ಗಿನಲ್ಲೇ ಇದೆ. ದಾರಿಯಲ್ಲಿ ಖಾರ್ದುಂಗ್ ಲಾ ದಾಟಬೇಕು, ಆದರೆ ರಾತ್ರಿ ಮಲಗೋದು ಕೆಳಗೆ. ಎಷ್ಟು ಎತ್ತರದಲ್ಲಿ ಮಲಗ್ತೀರಿ ಅನ್ನೋದೇ ಮುಖ್ಯ. ಪ್ಯಾಂಗಾಂಗ್ ಕಡೆಗಿರಲಿ. ಆಗಲೂ ಸಿಲಿಂಡರ್, ಯಾವಾಗಲೂ ರೆಡಿ ಇರೋ ಒಂದು ಗಾಡಿ, ತಿಳಿದವರೊಬ್ಬರು ಜೊತೆಗಿರಲಿ.

ರಸ್ತೆಯಲ್ಲಿ ಹೋಗೋದಾದ್ರೆ ಶ್ರೀನಗರ–ಕಾರ್ಗಿಲ್ ದಾರಿ ನಿಧಾನಕ್ಕೆ ಏರಿಸುತ್ತೆ, ಕಾರ್ಗಿಲ್ ಬರೀ 2,700 ಮೀಟರ್ ಆಸುಪಾಸು. ಮನಾಲಿ ದಾರಿಯಲ್ಲಿ ಜನ ಸರ್ಚುವಿನಲ್ಲಿ ರಾತ್ರಿ ಉಳೀತಾರೆ. ಅದು ಲೇಹ್‌ಗಿಂತ ಎಷ್ಟೋ ಮೇಲೆ, 4,200ಕ್ಕೂ ಜಾಸ್ತಿ. ಗೇರ್ ವ್ಯಾನ್ ಜೊತೆ ನಮ್ಮಂಥ ಅಸಿಸ್ಟೆಂಟ್‌ಗಳನ್ನ ಕಳಿಸೋದು ಆ ದಾರಿಯಲ್ಲೇ, ನೆನಪಿರಲಿ.

ಇನ್ನೊಂದು ಮಾತು, ಚಿಕ್ಕದು. ನಾವು ಹೋಗೋದು ಯಾರದೋ ಊರಿಗೆ. 'ತ್ರೀ ಇಡಿಯಟ್ಸ್' 2009ರಲ್ಲಿ ಬಂತು, ಪ್ಯಾಂಗಾಂಗ್ ದಡದಲ್ಲಿ ಇವತ್ತಿಗೂ ಹಳದಿ ಸ್ಕೂಟರ್ ಇಟ್ಟು ಫೋಟೊ ತೆಗೆಸ್ತಾರೆ. ಶೇಯ ಶಾಲೆಯಲ್ಲಿ ಆ ಸಿನಿಮಾದ ಗೋಡೆ ನೋಡೋಕೆ ಬರೋ ಜನರಿಂದ ಮಕ್ಕಳಿಗೆ ಪಾಠ ಕೇಳೋಕಾಗದೆ, ಕೊನೆಗೆ 2018ರಲ್ಲಿ ಶಾಲೆಯವರು ಆ ಗೋಡೆಯನ್ನೇ ತೆಗೆಸೋ ತೀರ್ಮಾನ ಮಾಡಿದರು. 2021ರಲ್ಲಿ ವಾಖಾ ಅನ್ನೋ ಹಳ್ಳಿಯಲ್ಲಿ ಒಂದು ದೊಡ್ಡ ಶೂಟ್ ಬಿಟ್ಟುಹೋದ ಕಸ ಅಂತ ಒಬ್ಬರು ವಿಡಿಯೊ ಹಾಕಿದ್ದರು. ಕಂಪನಿ, ನಾವು ಜಾಗ ಚೊಕ್ಕಟವಾಗೇ ಇಡ್ತೀವಿ ಅಂತ ಹೇಳಿಕೆ ಕೊಟ್ಟಿತು. ಅಲ್ಲಿ ಮಳೆ ತೀರಾ ಕಡಿಮೆ, ನೀರು ಹಿಮ ಕರಗಿ ಬರೋದು, ಕಸ ಕೊಳೆಯೋದೂ ಇಲ್ಲ. ನಾವು ಬಿಸಾಕಿದ ಬಾಟಲಿ ನಮ್ಮ ರೀಲ್‌ಗಿಂತ ಜಾಸ್ತಿ ಕಾಲ ಇರುತ್ತೆ.

7/7

ಹೊರಟಿರೋ ಇಬ್ಬರಿಗೆ, ಆಮೇಲೆ ಹೊರಡೋ ಎಲ್ಲರಿಗೆ.

ಕಾಲ್ ಬಂದಾಗ "ಎಷ್ಟು ಕೊಡ್ತೀರಾ" ಜೊತೆಗೆ ಇವನ್ನೂ ಕೇಳಿ: ಪ್ರತಿ ರಾತ್ರಿ ಎಲ್ಲಿ ಮಲಗ್ತೀವಿ, ಅದರ ಎತ್ತರ ಎಷ್ಟು? ರೆಸ್ಟ್ ಡೇಗೆ ಬಾಟಾ ಇದೆಯಾ? ಇನ್ಶೂರೆನ್ಸ್ ಯಾರ್ಯಾರಿಗೆ, ಲೈಟ್ ಯೂನಿಟ್‌ಗೂ ಇದೆಯಾ? ರಾತ್ರಿ ಯಾರಿಗಾದರೂ ಹೆಚ್ಚುಕಡಿಮೆ ಆದರೆ ಯಾವ ಗಾಡಿ, ಯಾವ ದಾರಿ, ತೀರ್ಮಾನ ಯಾರದು? ವಾಟ್ಸಾಪ್‌ನಲ್ಲಿ ಬರಹದಲ್ಲಿ ಕೇಳಿ. ಫೋನಲ್ಲಿ ಎಲ್ಲರೂ "ನೋಡ್ಕೊಳ್ಳೋಣ ಬಾರಪ್ಪ" ಅಂತಾರೆ.

ಅಲ್ಲಿ ತಲೆನೋವು ಬಂದರೆ ಮುಚ್ಚಿಡಬೇಡಿ, ನಾನು ಮುಚ್ಚಿಟ್ಟ ಹಾಗೆ. ತಲೆನೋವು, ವಾಕರಿಕೆ ಇರೋವಾಗ ಇನ್ನೂ ಮೇಲಕ್ಕೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಬಂದರೆ ತಡ ಮಾಡಬೇಡಿ. ಪಕ್ಕದವನು ಕುಡಿದವನ ಥರ ತೂರಾಡ್ತಿದ್ದರೆ, ಏನೇನೋ ಮಾತಾಡ್ತಿದ್ದರೆ, ನೆಲದ ಮೇಲೆ ಗೆರೆ ಎಳೆದು ಹಿಮ್ಮಡಿಗೆ ಬೆರಳು ತಾಗಿಸಿ ನಡಿ ಅನ್ನಿ. ಆಗಲಿಲ್ಲ ಅಂದ್ರೆ ಅದು ಮೆದುಳಿಗೆ ಹೋಗಿರಬಹುದು. ಮ್ಯಾನೇಜರ್‌ನ ಎಬ್ಬಿಸಬೇಡಿ, ಡ್ರೈವರ್‌ನ ಎಬ್ಬಿಸಿ.

ಈ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮನ್ನ ಬಿಟ್ಟು ಬೇರೆಯವರನ್ನ ಕರೀಬಹುದು. ನನಗೂ ಒಂದು ಕೆಲಸ ಹಾಗೇ ಹೋಯ್ತು, ಬೇಜಾರಾಗುತ್ತೆ. ಆದರೆ ಆ ಬೇರೆಯವರು ಯಾರು? ನಮ್ಮ ಬ್ಯಾಚ್‌ನೋರೇ, ನಮ್ಮ ಜೂನಿಯರ್ಸೇ. ಅವರೂ ಇದೇ ಪ್ರಶ್ನೆ ಕೇಳಿದರೆ, ಅವರ ಆಮೇಲಿನವರೂ ಕೇಳಿದರೆ, ಎಷ್ಟು ಜನರನ್ನ ಬದಲಾಯಿಸ್ತಾರೆ?

ಇಬ್ಬರಿಗೂ ನಿನ್ನೆ ಮೆಸೇಜ್ ಹಾಕಿದ್ದೀನಿ. ಒಬ್ಬಳು ಆ ಕಡೆಯವರಿಗೆ ಶೆಡ್ಯೂಲ್ ಬಗ್ಗೆ ಬರೆದಿದ್ದಾಳಂತೆ, "ಚೆಕ್ ಮಾಡಿ ಹೇಳ್ತೀವಿ" ಅಂದಿದ್ದಾರೆ. ಇನ್ನೊಬ್ಬನದು ಬ್ಲೂ ಟಿಕ್ ಬಂದಿದೆ, ಉತ್ತರ ಇಲ್ಲ. ಲೋ, ಓದ್ತಿದ್ದೀಯ ಅಂತ ಗೊತ್ತು. ಫೋನ್ ಮಾಡು.