ಅಂಕಿಗೆ ಅಕ್ಷರದ ಆಸರೆ

ಸಂಖ್ಯೆಗಳನ್ನು ಬಾಯಿಪಾಠ ಮಾಡುವ ಕಷ್ಟ ಈಗ ಯಾಕೆ ಬೇಕು ಎಂದು ಮಕ್ಕಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮನೆಯವರ ಫೋನ್ ನಂಬರಿನಿಂದ ಹಿಡಿದು ಯುದ್ಧಗಳ ಇಸವಿಯವರೆಗೆ ಎಲ್ಲವೂ ಮೊಬೈಲಿನಲ್ಲಿದೆ. ಇನ್ನೊಂದು ಕಡೆ ನೆನಪಿನ ತಂತ್ರ ಕಲಿಸುವ ತರಗತಿಗಳಿವೆ. ಅಲ್ಲಿ ಕಲಿತ ಮಗು ವೇದಿಕೆಯ ಮೇಲೆ ನೂರಾರು ಅಂಕಿಗಳನ್ನು ಒಂದೇ ಉಸಿರಿಗೆ ಒಪ್ಪಿಸಿ ಚಪ್ಪಾಳೆ ಗಿಟ್ಟಿಸುತ್ತದೆ. ತಂತ್ರ ಕಲಿಯಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಷ್ಟು ಅಂಕಿ ನೆನಪಿದೆ ಎಂಬುದಕ್ಕಿಂತ, ನೆನಪಿರುವ ಅಂಕಿಯಿಂದ ಮುಂದೆ ಏನು ಮಾಡಬಲ್ಲೆವು ಎಂಬುದೇ ಅದರ ಅಳತೆಯಾಗಬೇಕು.

ತಂತ್ರದಿಂದ ನೆನಪಿನ ಶಕ್ತಿಯೇ ಬೆಳೆಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ವಿಲಿಯಂ ಚೇಸ್ ನಡೆಸಿ 1980ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳುತ್ತದೆ. ಒಬ್ಬ ಸಾಮಾನ್ಯ ವಿದ್ಯಾರ್ಥಿಗೆ ಸೆಕೆಂಡಿಗೊಂದರಂತೆ ಅಂಕಿಗಳನ್ನು ಓದಿ ಹೇಳಿ, ಮರಳಿ ಒಪ್ಪಿಸುವಂತೆ ಕೇಳುತ್ತಿದ್ದರು. ಮೊದಲು ಎಲ್ಲರಂತೆ ಏಳು ಅಂಕಿಗೇ ನಿಲ್ಲುತ್ತಿದ್ದ ಅವನು ಇಪ್ಪತ್ತು ತಿಂಗಳ ಅಭ್ಯಾಸದ ಕೊನೆಗೆ 79 ಅಂಕಿಗಳನ್ನು ಒಪ್ಪಿಸಿದ. ಅವನು ಓಟಗಾರ. 3492 ಎಂದು ಕೇಳಿದೊಡನೆ ಅವನಿಗೆ ಅದು ಮೂರು ನಿಮಿಷ 49.2 ಸೆಕೆಂಡು, ಅಂದರೆ ಒಂದು ಮೈಲಿ ಓಟದ ವಿಶ್ವದಾಖಲೆಗೆ ಹತ್ತಿರದ ಸಮಯ. ಓಟಕ್ಕೆ ಹೊಂದದ ಅಂಕಿ ಬಂದರೆ ಅದು ಯಾರದೋ ವಯಸ್ಸಾಗುತ್ತಿತ್ತು. ಅದೇ ಹುಡುಗನಿಗೆ ಅಂಕಿಯ ಬದಲು ಅಕ್ಷರಗಳನ್ನು ಓದಿ ಹೇಳಿದಾಗ ಅವನ ನೆನಪು ಮತ್ತೆ ಆರಕ್ಕೆ ಇಳಿಯಿತು. ಬೆಳೆದದ್ದು ನೆನಪಿನ ಶಕ್ತಿಯಲ್ಲ. ಮೊದಲೇ ಗೊತ್ತಿದ್ದ ಓಟದ ಲೋಕಕ್ಕೆ ಹೊಸ ಅಂಕಿಯನ್ನು ಜೋಡಿಸುವ ಕೌಶಲವಷ್ಟೇ ಬೆಳೆದಿತ್ತು.

ನಮ್ಮ ಮಂಗಳೂರಿನಲ್ಲೇ 1981ರಲ್ಲಿ ರಾಜನ್ ಮಹಾದೇವನ್ ಪೈ ಬೆಲೆಯ 31,811 ಅಂಕಿಗಳನ್ನು ಹೇಳಿ ಗಿನ್ನೆಸ್ ದಾಖಲೆ ಸೇರಿದರು. ಇದು ಹುಟ್ಟಿನಿಂದ ಬಂದದ್ದೋ ಅಭ್ಯಾಸದಿಂದ ಬಂದದ್ದೋ ಎಂದು ಮನೋವಿಜ್ಞಾನಿಗಳು ವರ್ಷಗಟ್ಟಲೆ ವಾದಿಸಿದರು. ಮುಂದೆ ಅವರನ್ನೂ ಪರೀಕ್ಷಿಸಿದ ಎರಿಕ್ಸನ್ ತಂಡ ಅಂಕಿಗಳ ಬದಲು ಬೇರೆ ಚಿಹ್ನೆಗಳನ್ನು ಕೊಟ್ಟಾಗ, ಮೊದಲಿಗೆ ಅವರಿಗೂ ನೆನಪಿನಲ್ಲಿ ಉಳಿದದ್ದು ಆರೇ. ಆ ಸಾಧನೆಯ ಹಿಂದಿನ ಶ್ರಮಕ್ಕೆ ನನ್ನ ಗೌರವವಿದೆ. ಅದನ್ನು ಕ್ರೀಡೆಯೆಂದು ಮೆಚ್ಚೋಣ. ಶಿಕ್ಷಣದ ಮಾದರಿಯೆಂದು ಹಿಡಿಯುವುದು ಬೇಡ. ಪೈ ಬೆಲೆಯ ಸಾವಿರದನೆಯ ಅಂಕಿ ಗೊತ್ತಿದ್ದರೆ ಅದರಿಂದ ಸಾವಿರದ ಒಂದನೆಯದು ಹೊಳೆಯುವುದಿಲ್ಲ.

ಒಂದು ಸಂಖ್ಯೆಯಿಂದ ಮತ್ತೇನೋ ಹೊಳೆಯುವಂತೆ ಮಾಡುವ ತಂತ್ರವೊಂದು ನಮ್ಮ ಸಂಗೀತದ ಪಾಠದಲ್ಲಿದೆ. ಅದು ಕಟಪಯಾದಿ. ವ್ಯಂಜನಗಳನ್ನು ನಾಲ್ಕು ಸಾಲು ಮಾಡಿ, ಕ, ಟ, ಪ, ಯ ಈ ನಾಲ್ಕಕ್ಕೂ ಒಂದು ಎಂಬ ಬೆಲೆ ಕೊಟ್ಟು ಮುಂದಕ್ಕೆ ಎಣಿಸುತ್ತಾ ಹೋಗುವುದು. ಞ ಮತ್ತು ನ ಸೊನ್ನೆ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕಾಗುಣಿತಕ್ಕೆ ಬೆಲೆಯಿಲ್ಲದ್ದರಿಂದ ಒಂದೇ ಸಂಖ್ಯೆಗೆ ಹತ್ತಾರು ಅರ್ಥವತ್ತಾದ ಪದಗಳನ್ನು ಕಟ್ಟಬಹುದು. ಕೇರಳದ ಖಗೋಳಜ್ಞರು 7ನೇ ಶತಮಾನದಷ್ಟು ಹಿಂದೆಯೇ ಗ್ರಹಗಳ ಲೆಕ್ಕವನ್ನು ಹೀಗೆ ಪದಗಳಲ್ಲಿ ಕಟ್ಟಿಟ್ಟಿದ್ದರು.

17ನೇ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ 72 ಮೇಳಗಳ, ಅಂದರೆ ಮೂಲ ರಾಗಗಳ, ಚೌಕಟ್ಟು ಹಾಕಿಕೊಟ್ಟ. ಆಮೇಲಿನವರು ಪ್ರತಿ ಮೇಳದ ಹೆಸರಿನ ಮೊದಲೆರಡು ಅಕ್ಷರಗಳಲ್ಲೇ ಅದರ ಕ್ರಮಸಂಖ್ಯೆ ಸಿಗುವಂತೆ ಮಾಡಿದರು. ಅದಕ್ಕಾಗಿಯೇ ಶಂಕರಾಭರಣ ಧೀರಶಂಕರಾಭರಣವಾಯಿತು, ಕಲ್ಯಾಣಿ ಮೇಚಕಲ್ಯಾಣಿಯಾಯಿತು. ಧೀ ಒಂಬತ್ತು, ರ ಎರಡು, ತಿರುಗಿಸಿದರೆ 29. ಮೇ ಐದು, ಚ ಆರು, ತಿರುಗಿಸಿದರೆ 65. ಇಷ್ಟಕ್ಕೇ ನಿಂತಿದ್ದರೆ ಇದೂ ಒಂದು ಜಾಣತನ ಅಷ್ಟೇ ಆಗುತ್ತಿತ್ತು. ಆದರೆ 29ನ್ನು ಹಿಡಿದು ಮುಂದೆ ನಡೆಯಿರಿ. 36 ದಾಟಿಲ್ಲ, ಆದ್ದರಿಂದ ಶುದ್ಧ ಮಧ್ಯಮ. ಆರಾರು ಮೇಳಗಳಿಗೆ ಒಂದು ಚಕ್ರವಾದ್ದರಿಂದ 24ಕ್ಕೆ ನಾಲ್ಕು ಚಕ್ರ ಮುಗಿದವು. ಇದು ಐದನೆಯ ಚಕ್ರದ ಐದನೆಯ ಮೇಳ. ಐದನೆಯ ಚಕ್ರವಾದ್ದರಿಂದ ಚತುಶ್ರುತಿ ರಿಷಭ, ಅಂತರ ಗಾಂಧಾರ. ಅದರೊಳಗೆ ಐದನೆಯದಾದ್ದರಿಂದ ಚತುಶ್ರುತಿ ಧೈವತ, ಕಾಕಲಿ ನಿಷಾದ. ಷಡ್ಜ ಪಂಚಮಗಳು ಹೇಗೂ ಇದ್ದೇ ಇವೆ. ಎರಡು ಅಕ್ಷರದಿಂದ ಹೊರಟು ರಾಗದ ಏಳೂ ಸ್ವರಗಳನ್ನು ಮುಟ್ಟಿದೆವು!

ಚಕ್ರಗಳ ಹೆಸರಿನಲ್ಲೂ ಸಂಖ್ಯೆಯಿದೆ. ಇಂದು ಒಂದು, ನೇತ್ರ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು. ಇದು ಭೂತಸಂಖ್ಯೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಬಳಸಿದ್ದೂ ಇದನ್ನೇ. ಕಟಪಯಾದಿಯಲ್ಲಿ ತೊಡಕೂ ಉಂಟು. ಒತ್ತಕ್ಷರ ಬಂದಾಗ ರತ್ನಾಂಗಿಯಲ್ಲಿ ‘ತ್ನ’ದ ನಕಾರವನ್ನು ಎಣಿಸಿದರೆ 2 ಬರುತ್ತದೆ; ಚಕ್ರವಾಕದಲ್ಲಿ ‘ಕ್ರ’ದ ಕಕಾರವನ್ನು ಎಣಿಸಿದರೆ ಮಾತ್ರ 16. ಗುರುಗಳು ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮಕ್ಕಳು ತಮ್ಮ ಲೆಕ್ಕವೇ ತಪ್ಪೆಂದುಕೊಳ್ಳುತ್ತಾರೆ. ಅದಕ್ಕಿಂತ ನನ್ನನ್ನು ನೋಯಿಸುವುದು ಬೇರೆ. ಪರೀಕ್ಷೆಗೆಂದು 72 ಹೆಸರುಗಳನ್ನೂ ಸರಸರನೆ ಒಪ್ಪಿಸುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಹೆಸರಿನಿಂದ ಸ್ವರಕ್ಕೆ ಹೋಗುವ ಈ ದಾರಿಯನ್ನು ಯಾರೂ ತೋರಿಸಿರುವುದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಯಲ್ಲೂ ಆಗುತ್ತಿರುವುದು ಇದೇ. ಒಂದೊಂದು ಇಸವಿಗೂ ಸಂಬಂಧವಿಲ್ಲದ ಒಂದೊಂದು ವಿಚಿತ್ರ ವಾಕ್ಯ ಕಟ್ಟಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ವಾಕ್ಯವೂ ಹೋಗುತ್ತದೆ, ಇಸವಿಯೂ ಹೋಗುತ್ತದೆ. ವಿಜಯನಗರದ ಸ್ಥಾಪನೆ 1336, ತಾಳಿಕೋಟೆ ಯುದ್ಧ 1565 ಎಂಬೆರಡನ್ನು ಜೋಡಿಯಾಗಿ ಕಲಿತವನಿಗೆ ನಡುವಿನ 229 ವರ್ಷಗಳು ಕಾಣುತ್ತವೆ; ಕೃಷ್ಣದೇವರಾಯನನ್ನು ಆ ಅವಧಿಯ ಯಾವ ಭಾಗದಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತದೆ. ಗೊತ್ತಿರುವ ಸಂಖ್ಯೆಯೇ ಗೊತ್ತಿಲ್ಲದ ಸಂಖ್ಯೆಗೆ ಒಳ್ಳೆಯ ಆಸರೆ.

ಎಲ್ಲವೂ ಮೊಬೈಲಿನಲ್ಲಿದೆಯಲ್ಲ ಎಂಬ ಮಾತಿಗೆ ನನ್ನ ಉತ್ತರವೂ ಇಲ್ಲೇ ಇದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಎರಡೂ ತಲೆಯಲ್ಲಿದ್ದರೆ, ಈಗ ಮೈಮೇಲೆ ಬಿದ್ದಿರುವ ಬಿಸಿಲು 500 ಸೆಕೆಂಡು ಹಳೆಯದು ಎಂಬ ಬೆರಗು ಯಾರೂ ಹೇಳಿಕೊಡದೆ ಹುಟ್ಟುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಎಂದು ನೆನಪಿರುವವರ ಮುಂದೆ ಯಾರಾದರೂ ರಾಜ್ಯದಲ್ಲಿ ಹತ್ತು ಕೋಟಿ ಸಸಿ ನೆಟ್ಟೆವು ಎಂದರೆ, ಕೂಸಿನಿಂದ ಮುದುಕರವರೆಗೆ ತಲೆಗೆ ಒಂದೂವರೆಗೂ ಹೆಚ್ಚಾಯಿತಲ್ಲ, ಎಲ್ಲಿ ನೆಟ್ಟಿರಿ ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ಮೊಬೈಲು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏನನ್ನು ಕೇಳಬೇಕೆಂದು ಹೊಳೆಯಲು ಮಾತ್ರ ಒಂದಷ್ಟು ಸಂಖ್ಯೆಗಳು ನಮ್ಮೊಳಗೇ ಇರಬೇಕು.

ಬಾಯಿಪಾಠ ಬುದ್ಧಿಯನ್ನು ಮಂಕು ಮಾಡುತ್ತದೆ ಎನ್ನುವವರ ಆತಂಕ ನನಗೆ ಅರ್ಥವಾಗುತ್ತದೆ. ಅರ್ಥ ಹೇಳದೆ ಉರು ಹೊಡೆಸಿದಾಗ ಆಗುವುದು ಅದೇ. ಆದರೆ ಮಗ್ಗಿಯನ್ನು ರಾಗವಾಗಿ ಹೇಳಿ ಕಲಿತ ಮಗು ಏಳೆಂಟಲ ಐವತ್ತಾರು ಎಂಬಲ್ಲಿ ತಡವರಿಸದೆ ಲೆಕ್ಕದ ಮುಂದಿನ ಹೆಜ್ಜೆಗೆ ಗಮನ ಕೊಡುತ್ತದೆ. ಅಲ್ಲಿ ಬಾಯಿಪಾಠ ಯೋಚನೆಗೆ ಜಾಗ ಮಾಡಿಕೊಟ್ಟಿದೆ.

ಶಿಕ್ಷಕರಲ್ಲಿ, ಸಂಗೀತ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಮಗು ಸಂಖ್ಯೆಯನ್ನು ಸರಿಯಾಗಿ ಒಪ್ಪಿಸಿದ ಮೇಲೆ ಅಲ್ಲಿಗೇ ಬಿಡಬೇಡಿ. ಇದರಿಂದ ನಿನಗೆ ಇನ್ನೇನು ಗೊತ್ತಾಯಿತು ಎಂದು ಕೇಳಿ, ಉತ್ತರ ಬರುವವರೆಗೂ ಕಾಯಿರಿ.